ಕಾಗದದಲ್ಲಿ ‘ಬೂವೆ’: ಫ್ರೆಂಚ್ ಯುದ್ಧನೌಕೆಯೊಂದರ ಮಾದರಿಯನ್ನು ಮೊದಲಿನಿಂದ ಕಟ್ಟುವ ಕ್ರಮ

ಫ್ರಾನ್ಸಿನ ಲೋರಿಯಾಂ ನೌಕಾಕಟ್ಟೆಯಲ್ಲಿ 1893ರಲ್ಲಿ ಕಟ್ಟಲು ತೊಡಗಿ 1896ರಲ್ಲಿ ನೀರಿಗಿಳಿಸಿದ ‘ಬೂವೆ’ ಯುದ್ಧನೌಕೆಯನ್ನು ಎದುರಿನಿಂದ ನೋಡಿದರೆ ಮೊದಲು ಕಣ್ಣಿಗೆ ಬೀಳುವುದು ಅದರ ಫಿರಂಗಿಗಳಲ್ಲ, ಒಡಲಿನ ಆಕಾರ. ನೀರಿನ ಮಟ್ಟದಲ್ಲಿ ಅಗಲವಾಗಿರುವ ಒಡಲು ಮೇಲಕ್ಕೆ ಹೋದಂತೆ ಒಳಕ್ಕೆ ವಾಲುತ್ತ, ಡೆಕ್ಕನ್ನು ಮುಟ್ಟುವ ಹೊತ್ತಿಗೆ ಬಹಳ ಕಿರಿದಾಗಿಬಿಡುತ್ತದೆ. ಇದಕ್ಕೆ ಟಂಬಲ್‌ಹೋಮ್ ಎಂದು ಹೆಸರು. ಇದರಿಂದ ಹಡಗಿನ ಮೇಲ್ಭಾಗದ ತೂಕ ಕಡಿಮೆಯಾಗುತ್ತಿತ್ತು; ಪಕ್ಕಗಳಲ್ಲಿ ಹೊರಚಾಚಿ ನಿಲ್ಲಿಸಿದ ಫಿರಂಗಿಗಳು ಒಡಲು ಅಡ್ಡಬಾರದಂತೆ ಮುಂದಕ್ಕೂ ಹಿಂದಕ್ಕೂ ಗುಂಡು ಹಾರಿಸಬಹುದಾಗಿತ್ತು. ಆದರೆ ಹಡಗು ಒಂದು ಬದಿಗೆ ವಾಲಿದಾಗ ಅದನ್ನು ಮತ್ತೆ ಎತ್ತಿ ನಿಲ್ಲಿಸುವ ತೇಲುವ ಬಲವೂ ಇದೇ ಆಕಾರದಿಂದ ಕುಗ್ಗುತ್ತಿತ್ತು. 1915ರ ಮಾರ್ಚ್ 18ರಂದು ಡಾರ್ಡನೆಲ್ಸ್ ಜಲಸಂಧಿಯಲ್ಲಿ ತುರ್ಕರು ಹಾಕಿದ್ದ ನೆಲಬಾಂಬಿನಂತಹ ಜಲಸಿಡಿಗುಂಡಿಗೆ ತಾಗಿದ ಬೂವೆ ಸುಮಾರು ಎರಡೇ ನಿಮಿಷಗಳಲ್ಲಿ ಮಗುಚಿ ಮುಳುಗಿತು. 600ಕ್ಕೂ ಹೆಚ್ಚು ನಾವಿಕರು ಅದರೊಂದಿಗೆ ಹೋದರು. ಆದ್ದರಿಂದ ಈ ಹಡಗಿನ ಮಾದರಿ ಮಾಡಹೊರಟವರು ಗೋಪುರ, ದೋಣಿ, ಕಂಬಗಳನ್ನು ಎಷ್ಟೇ ಅಂದವಾಗಿ ಮಾಡಿದರೂ ಪಕ್ಕದ ಗೋಡೆಯ ವಾಲು ತಪ್ಪಿದರೆ ಅದು ಬೂವೆ ಆಗುವುದಿಲ್ಲ. ಈ ಬರಹದ ಬಹುಪಾಲು ಒಡಲಿನ ಬಗೆಗೇ ಇರುವುದು ಇದೇ ಕಾರಣದಿಂದ.

ಮೊದಲು ಅಳತೆಯ ಪ್ರಮಾಣವನ್ನು ನಿಶ್ಚಯಿಸಿಕೊಳ್ಳಬೇಕು. ಕಾಗದದ ಹಡಗುಗಳಲ್ಲಿ 1:200, 1:250 ಮತ್ತು 1:400 ಪ್ರಮಾಣಗಳು ಹೆಚ್ಚು ಬಳಕೆಯಲ್ಲಿವೆ. ಬೂವೆಯ ಉದ್ದ ಸುಮಾರು 122 ಮೀಟರ್, ಅಗಲ 21.39 ಮೀಟರ್. 1:400ರಲ್ಲಿ ಇದು 305 ಮಿ.ಮೀ. ಉದ್ದವಾಗುತ್ತದೆ, ಸಣ್ಣ ಫಿರಂಗಿಗಳು ಕೂದಲೆಳೆಯಷ್ಟಾಗಿ ಕೈಗೆ ಸಿಗುವುದಿಲ್ಲ. 1:250ರಲ್ಲಿ ಉದ್ದ 488 ಮಿ.ಮೀ., ಅಗಲ ಸುಮಾರು 86 ಮಿ.ಮೀ. ಆಗುವುದರಿಂದ ಮೇಜಿನ ಮೇಲೂ ಹಿಡಿಸುತ್ತದೆ, ಬೆರಳಿಗೂ ಹಿಡಿಯುತ್ತದೆ. ನಾನು ಇದನ್ನೇ ಸೂಚಿಸುತ್ತೇನೆ. ಮುಂದಿನ ಅಳತೆಗಳೆಲ್ಲ ಈ ಪ್ರಮಾಣದವು. ಒಡಲನ್ನು ನೀರಿನ ಮಟ್ಟದವರೆಗೆ ಮಾತ್ರ ಕಟ್ಟುವುದು ಮೊದಲ ಪ್ರಯತ್ನಕ್ಕೆ ಸಾಕು. ನೀರಿನ ಕೆಳಗಿನ ಭಾಗ ಎರಡೂ ದಿಕ್ಕಿಗೆ ಬಾಗಿರುವುದರಿಂದ ಅಲ್ಲಿ ಕಾಗದ ಸುಲಭವಾಗಿ ಮಾತು ಕೇಳುವುದಿಲ್ಲ.

ನಕ್ಷೆಗಳಿಗಾಗಿ ಬಹಳ ಅಲೆಯಬೇಕಿಲ್ಲ. ಪ್ಯಾರಿಸ್ಸಿನ ಪಕ್ಕದ ವ್ಯಾಂಸೆನ್‌ನಲ್ಲಿರುವ, ಫ್ರೆಂಚ್ ರಕ್ಷಣಾ ಇಲಾಖೆಯ ದಾಖಲೆ ಸಂಸ್ಥೆಯಾದ ‘ಸರ್ವಿಸ್ ಇಸ್ತೊರಿಕ್ ದ ಲ ದೆಫಾಂಸ್’ ಆ ಕಾಲದ ಯುದ್ಧನೌಕೆಗಳ ಮೂಲ ನಕ್ಷೆಗಳನ್ನು ಕಾಪಾಡಿಕೊಂಡು ಬಂದಿದೆ, ಅನೇಕವನ್ನು ಅಂತರ್ಜಾಲದಲ್ಲಿಯೂ ತೆರೆದಿಟ್ಟಿದೆ. ನಮಗೆ ಬೇಕಾಗುವುದು ಮೂರು ನೋಟಗಳು: ಪಕ್ಕದ ನೋಟ, ಮೇಲಿನಿಂದ ಕಾಣುವ ಡೆಕ್ಕಿನ ನೋಟ, ಮತ್ತು ಒಡಲನ್ನು ಅಲ್ಲಲ್ಲಿ ಅಡ್ಡಲಾಗಿ ಸೀಳಿದಂತೆ ತೋರಿಸುವ ಅಡ್ಡಸೀಳು ನಕ್ಷೆ. ಮೂರನೆಯದು ಇಲ್ಲದೆ ಕೆಲಸ ಶುರುಮಾಡಬಾರದು. ಸ್ಕ್ಯಾನ್ ಮಾಡಿದ ಹಳೆಯ ನಕ್ಷೆ ಒಂದು ದಿಕ್ಕಿಗೆ ಹಿಗ್ಗಿರುವುದು ಸಾಮಾನ್ಯ; ಆದ್ದರಿಂದ ಉದ್ದವನ್ನು ಸರಿಹೊಂದಿಸಿದ ಮಾತ್ರಕ್ಕೆ ಅಗಲವೂ ಸರಿಯಾಯಿತೆಂದು ನಂಬದೆ ಎರಡನ್ನೂ ಬೇರೆ ಬೇರೆಯಾಗಿ ಅಳೆದು ನೋಡಬೇಕು. ನಕ್ಷೆಯ ಜೊತೆಗೆ ಫೋಟೋಗಳನ್ನೂ ಇಟ್ಟುಕೊಳ್ಳಿ. ಹಡಗುಗಳು ಸೇವೆಯಲ್ಲಿದ್ದಾಗ ದೋಣಿ, ದೀಪ, ಕಂಬಗಳು ಬದಲಾಗುತ್ತಲೇ ಇರುತ್ತವೆ. ಯಾವ ವರ್ಷದ ಬೂವೆಯನ್ನು ಕಟ್ಟುತ್ತೀರಿ ಎಂಬುದನ್ನು ಈಗಲೇ ತೀರ್ಮಾನಿಸಿದರೆ ಮುಂದೆ ಬಣ್ಣ ಹಚ್ಚುವಾಗ ಗೊಂದಲವಾಗುವುದಿಲ್ಲ.

ಸಾಮಗ್ರಿಯ ವಿಷಯ ಚಿಕ್ಕದು. ಒಳಗಿನ ಹಂದರಕ್ಕೆ 1 ಮಿ.ಮೀ. ದಪ್ಪದ ರಟ್ಟು, ಹೊರ ಹೊದಿಕೆಗೆ ಚದರ ಮೀಟರಿಗೆ 160 ಗ್ರಾಂ ತೂಗುವ ಕಾಗದ, ಸಣ್ಣ ಕೊಳವೆಗಳಿಗೆ 80 ಗ್ರಾಮಿನ ಸಾಧಾರಣ ಕಾಗದ, ಪಿವಿಎ ಬಿಳಿ ಅಂಟು, ಹರಿತವಾದ ಸ್ಕಾಲ್ಪೆಲ್, ಲೋಹದ ಅಳತೆಪಟ್ಟಿ, ಕೈವಾರ, ಬೇರೆ ಬೇರೆ ದಪ್ಪದ ಹೆಣಿಗೆ ಕಡ್ಡಿಗಳು ಇದ್ದರೆ ಸಾಕು. ಆದರೆ ಕಾಗದದ ನಾರಿನ ದಿಕ್ಕನ್ನು ಮಾತ್ರ ಕಡೆಗಣಿಸಬೇಡಿ. ಹಾಳೆಯನ್ನು ಹಗುರವಾಗಿ ಉದ್ದಕ್ಕೂ ಅಡ್ಡಕ್ಕೂ ಬಾಗಿಸಿದರೆ ಒಂದು ಕಡೆಗೆ ಸಲೀಸಾಗಿ ಬಾಗುತ್ತದೆ, ಇನ್ನೊಂದು ಕಡೆಗೆ ತಡೆಯುತ್ತದೆ. ಸುರುಳಿ ಸುತ್ತುವ ಭಾಗಗಳನ್ನು ಸಲೀಸಾಗಿ ಬಾಗುವ ದಿಕ್ಕಿಗೇ ಕತ್ತರಿಸಬೇಕು, ಇಲ್ಲವಾದರೆ ಕೊಳವೆ ಮುರಿದು ಮೂಲೆಮೂಲೆಯಾಗುತ್ತದೆ.

ಈಗ ಹಂದರ. ನೀರಿನ ಮಟ್ಟದ ಆಕಾರದ ಒಂದು ತಳಪಟ್ಟಿ, ಅದರ ನಡುವೆ ಮೂತಿಯಿಂದ ಹಿಂತುದಿಯವರೆಗೆ ನೆಟ್ಟಗೆ ನಿಲ್ಲುವ ಬೆನ್ನುಪಟ್ಟಿ, ಅದಕ್ಕೆ ಅಡ್ಡಲಾಗಿ ಕೂರುವ ಪಕ್ಕೆಲುಬುಗಳು, ಇವು ಮೂರೇ ಇದರ ಅಂಗಗಳು. ಬೂವೆಯ ಮೂತಿ ನೀರಿನ ಮಟ್ಟದಲ್ಲಿ ಮುಂದಕ್ಕೆ ಚಾಚಿ ಮೇಲೆ ಹೋದಂತೆ ಹಿಂದಕ್ಕೆ ಸರಿಯುವುದರಿಂದ ಬೆನ್ನುಪಟ್ಟಿಯ ಮುಂದಿನ ಅಂಚನ್ನು ಪಕ್ಕದ ನೋಟದಿಂದಲೇ ನಕಲು ಮಾಡಿಕೊಳ್ಳಬೇಕು, ಅಂದಾಜಿನಿಂದ ಬಿಡಿಸಬಾರದು. ಒಡಲಿನ ಆಕಾರ ನಿಧಾನವಾಗಿ ಬದಲಾಗುವ ನಡುಭಾಗದಲ್ಲಿ 40 ಮಿ.ಮೀ.ಗೆ ಒಂದು, ತುದಿಗಳ ಕಡೆಗೆ 20ರಿಂದ 30 ಮಿ.ಮೀ.ಗೆ ಒಂದರಂತೆ ಪಕ್ಕೆಲುಬು ಇಡಿ. ಪ್ರತಿಯೊಂದು ಪಕ್ಕೆಲುಬಿನ ಅರ್ಧವನ್ನಷ್ಟೇ ಬಿಡಿಸಿ, ಕಾಗದವನ್ನು ನಡುಗೆರೆಗೆ ಮಡಚಿ ಎರಡೂ ಪಕ್ಕಗಳನ್ನು ಒಟ್ಟಿಗೆ ಕತ್ತರಿಸಿ ರಟ್ಟಿಗೆ ಅಂಟಿಸಿದರೆ ಎಡಬಲಗಳು ಕಿಂಚಿತ್ತೂ ಬೇರೆಯಾಗುವುದಿಲ್ಲ. ಹೊರ ಹೊದಿಕೆಯೂ ಅದರ ಕೆಳಗೆ ಬರುವ ಒಳಪದರವೂ ಸೇರಿ ಸುಮಾರು 0.4 ಮಿ.ಮೀ. ದಪ್ಪವಾಗುತ್ತವೆ, ಅಷ್ಟನ್ನು ಪಕ್ಕೆಲುಬಿನ ಎರಡೂ ಅಂಚುಗಳಿಂದ ಕಳೆದೇ ಕತ್ತರಿಸಬೇಕು. ಇದನ್ನು ಮರೆತರೆ ಒಡಲು ದಪ್ಪಗಾಗಿ ಡೆಕ್ಕು ಕೂರುವ ಜಾಗದಲ್ಲಿ ಅಂಚು ಬಾಯಿಬಿಡುತ್ತದೆ.

ನಾನು ಮೊದಲ ಸಲ ಈ ಆಕಾರದ ಒಡಲು ಕಟ್ಟಿದಾಗ ಎಡಪಕ್ಕದ ಹೊದಿಕೆಯನ್ನು ಪೂರ್ತಿಯಾಗಿ ಅಂಟಿಸಿ ಮುಗಿಸಿ ಬಲಪಕ್ಕಕ್ಕೆ ಕೈಹಾಕಿದ್ದೆ. ಬಿಳಿ ಅಂಟಿನ ನೀರು ಆರುತ್ತ ಕಾಗದವನ್ನು ಎಳೆದುಕೊಂಡು, ಬೆಳಗಾಗುವಷ್ಟರಲ್ಲಿ ಬೆನ್ನುಪಟ್ಟಿ ಬಾಳೆಕಾಯಿಯಂತೆ ಎಡಕ್ಕೆ ಬಾಗಿತ್ತು. ಎರಡು ವಾರಗಳ ಕೆಲಸವನ್ನು ಬಿಚ್ಚಬೇಕಾಯಿತು. ಅಂದಿನಿಂದ ಹಂದರದ ತಳಪಟ್ಟಿಯನ್ನು ಸಮತಟ್ಟಾದ ಗಾಜಿನ ಮೇಲೆ ಎರಡು ಬದಿ ಅಂಟುವ ಟೇಪಿನಿಂದ ಕೂರಿಸಿ, ಎಡಕ್ಕೊಂದು ತುಂಡು ಅಂಟಿಸಿದರೆ ಕೂಡಲೇ ಬಲಕ್ಕೂ ಅದರ ಜೋಡಿಯನ್ನು ಅಂಟಿಸುತ್ತೇನೆ. ಹೊದಿಕೆ ಪೂರ್ತಿಯಾಗಿ ಒಣಗುವವರೆಗೆ ಗಾಜಿನಿಂದ ಎತ್ತುವುದಿಲ್ಲ.

ಹೊದಿಕೆಯ ತುಂಡುಗಳ ಆಕಾರವನ್ನು ಕಂಡುಕೊಳ್ಳುವುದೇ ಈ ಇಡೀ ಕೆಲಸದ ತಿರುಳು. ಕಾಗದ ಒಂದು ದಿಕ್ಕಿಗೆ ಮಾತ್ರ ಬಾಗುತ್ತದೆ, ಹಿಗ್ಗುವುದಿಲ್ಲ. ಆದ್ದರಿಂದ ಇಡೀ ಪಕ್ಕವನ್ನು ಒಂದೇ ಹಾಳೆಯಲ್ಲಿ ಹೊದಿಸಲು ಹೋಗದೆ, ಒಂದು ಪಕ್ಕೆಲುಬಿನಿಂದ ಇನ್ನೊಂದಕ್ಕೆ ಒಂದು ತುಂಡಿನಂತೆ ಹೊದಿಸಬೇಕು. ಪ್ರತಿ ಪಕ್ಕೆಲುಬಿನ ಅಂಚನ್ನು ನೀರಿನ ಮಟ್ಟದಿಂದ ಡೆಕ್ಕಿನವರೆಗೆ ನಾಲ್ಕು ಸಮಭಾಗ ಮಾಡಿ ಐದು ಚುಕ್ಕೆಗಳನ್ನಿಡಿ. ಅಂಚಿನ ಗುಂಟ ತೆಳ್ಳಗಿನ ಕಾಗದದ ಪಟ್ಟಿಯನ್ನು ಬಾಗಿಸಿ ಹಿಡಿದರೆ ಚುಕ್ಕೆಗಳ ನಡುವಿನ ನಿಜವಾದ ಅಂತರ ಸಿಗುತ್ತದೆ. ಆಮೇಲೆ ಒಂದು ಪಕ್ಕೆಲುಬಿನ ಚುಕ್ಕೆಯಿಂದ ಮುಂದಿನದರ ಚುಕ್ಕೆಗೆ ನೇರ ಗೆರೆಗಳನ್ನೂ ಓರೆ ಗೆರೆಗಳನ್ನೂ ಎಳೆದು ತುಂಡನ್ನು ತ್ರಿಕೋನಗಳಾಗಿ ಒಡೆಯಿರಿ. ಈ ಗೆರೆಗಳ ಉದ್ದ ನಕ್ಷೆಯಲ್ಲಿ ನೇರವಾಗಿ ಕಾಣುವುದಿಲ್ಲ, ಲೆಕ್ಕ ಹಾಕಬೇಕು. ಉದಾಹರಣೆಗೆ ಮೂತಿಯ ಕಡೆಯ ಎರಡು ಪಕ್ಕೆಲುಬುಗಳ ನಡುವಿನ ಅಂತರ 30 ಮಿ.ಮೀ. ಇದೆ, ಅಡ್ಡಸೀಳು ನಕ್ಷೆಯಲ್ಲಿ ಆ ಎರಡು ಚುಕ್ಕೆಗಳು ಒಂದಕ್ಕೊಂದು 16 ಮಿ.ಮೀ. ದೂರದಲ್ಲಿವೆ ಎಂದುಕೊಳ್ಳಿ. ಮೂವತ್ತರ ವರ್ಗ 900, ಹದಿನಾರರ ವರ್ಗ 256, ಕೂಡಿದರೆ 1156, ಅದರ ವರ್ಗಮೂಲ 34. ಎಂದರೆ ಹೊದಿಕೆಯಲ್ಲಿ ಆ ಗೆರೆ 34 ಮಿ.ಮೀ. ಇರಬೇಕು. ಬರೀ ಅಂತರವನ್ನೇ ನಂಬಿ 30 ಎಂದು ಕತ್ತರಿಸಿದ್ದರೆ 4 ಮಿ.ಮೀ. ಕಡಿಮೆ ಬೀಳುತ್ತಿತ್ತು. ಹೀಗೆ ಮೂರು ಬದಿಗಳೂ ಗೊತ್ತಾದ ತ್ರಿಕೋನಗಳನ್ನು ಕೈವಾರದಿಂದ ಒಂದರ ಪಕ್ಕಕ್ಕೊಂದು ಬಿಡಿಸುತ್ತ ಹೋದರೆ ತುಂಡಿನ ಚಪ್ಪಟೆ ಆಕಾರ ತಾನಾಗಿ ಮೂಡುತ್ತದೆ. ಹೊರ ಅಂಚುಗಳನ್ನು ಮಾತ್ರ ನಯವಾದ ಬಾಗುಗೆರೆಯಿಂದ ಜೋಡಿಸಿ.

ಮೊದಲು ಈ ತುಂಡುಗಳನ್ನು ಹಗುರವಾದ ಕಾಗದದಲ್ಲಿ ಕತ್ತರಿಸಿ ಒಳಪದರವಾಗಿ ಅಂಟಿಸಬೇಕು. ಅದು ಒಣಗಿದ ಮೇಲೆ ಬೆರಳ ತುದಿಯನ್ನು ಮೂತಿಯಿಂದ ಹಿಂದಕ್ಕೆ ಆಡಿಸಿದರೆ ಪಕ್ಕೆಲುಬುಗಳು ಎಲ್ಲಿ ಉಬ್ಬಿವೆ, ಎಲ್ಲಿ ತಗ್ಗಿವೆ ಎಂಬುದು ಕಣ್ಣಿಗಿಂತ ಮೊದಲು ಬೆರಳಿಗೆ ತಿಳಿಯುತ್ತದೆ. ಉಬ್ಬಿದಲ್ಲಿ ಉಜ್ಜುಕಾಗದದಿಂದ ತಿಕ್ಕಿ, ತಗ್ಗಿದಲ್ಲಿ ಕಾಗದದ ಚೂರು ಅಂಟಿಸಿ ಸರಿಮಾಡಿಕೊಂಡ ನಂತರವೇ ಕೊನೆಯ ಹೊದಿಕೆ. ಅದರ ಸೇರುವೆಗಳು ಒಳಪದರದ ಸೇರುವೆಗಳ ಮೇಲೆಯೇ ಬಾರದಂತೆ ಅರ್ಧ ಅಂತರ ಸರಿಸಿ ಅಂಟಿಸಿದರೆ ಗೆರೆಗಳು ಮೇಲಕ್ಕೆ ಎದ್ದು ಕಾಣುವುದಿಲ್ಲ. ಸರಿಸಿದ ತುಂಡುಗಳಿಗಾಗಿ ನಡುವಿನ ಅಡ್ಡಸೀಳನ್ನು ಮತ್ತೆ ಅಳೆಯುವ ಶ್ರಮ ಇದ್ದೇ ಇದೆ, ಆದರೆ ಅದು ಸಾರ್ಥಕ ಶ್ರಮ.

ಡೆಕ್ಕನ್ನು ಹೊದಿಕೆಗಿಂತ ಮೊದಲೇ ಕೂರಿಸಬೇಕು. ಕೆಳಗೆ ತಳಪಟ್ಟಿ, ಮೇಲೆ ಡೆಕ್ಕು ಎರಡೂ ಗಟ್ಟಿಯಾಗಿ ನಿಂತಾಗಲೇ ನಡುವಿನ ಗೋಡೆಯ ವಾಲು ಅಲುಗಾಡುವುದಿಲ್ಲ.

ಬೂವೆಯ ಮುಖ್ಯ ಫಿರಂಗಿಗಳು ವಜ್ರಾಕಾರದಲ್ಲಿ ಹರಡಿವೆ: ಮುಂದೊಂದು, ಹಿಂದೊಂದು 305 ಮಿ.ಮೀ. ಫಿರಂಗಿ, ಎರಡು ಪಕ್ಕಗಳಲ್ಲಿ ಒಂದೊಂದು 274 ಮಿ.ಮೀ. ಫಿರಂಗಿ, ಪ್ರತಿಯೊಂದೂ ತನ್ನದೇ ಗೋಪುರದಲ್ಲಿ. ಇವಲ್ಲದೆ 138.6 ಮಿ.ಮೀ.ನ ಎಂಟು ಫಿರಂಗಿಗಳಿವೆ. ಗೋಪುರ ಸುತ್ತುವಾಗ ಒಂದು ಸಣ್ಣ ಲೆಕ್ಕ ನೆನಪಿರಲಿ. ನಕ್ಷೆಯಲ್ಲಿ ವ್ಯಾಸ 24 ಮಿ.ಮೀ. ಇದ್ದರೆ ಪಟ್ಟಿಯ ಉದ್ದಕ್ಕೆ 24ನ್ನೇ 3.14ರಿಂದ ಗುಣಿಸಬೇಡಿ, ಕಾಗದದ ದಪ್ಪ 0.2 ಮಿ.ಮೀ.ಯನ್ನು ಕಳೆದು 23.8ನ್ನು ಗುಣಿಸಿ. ಬರುವ 74.7 ಮಿ.ಮೀ. ಪಟ್ಟಿಯ ತುದಿಗಳು ಒಂದಕ್ಕೊಂದು ಸರಿಯಾಗಿ ಮುಟ್ಟಿ ನಿಲ್ಲುತ್ತವೆ. ಕಷ್ಟವಿರುವುದು ಪಕ್ಕದ ಎರಡು ಗೋಪುರಗಳ ಆಧಾರದಲ್ಲಿ. ಒಡಲು ಒಳಕ್ಕೆ ವಾಲಿರುವುದರಿಂದ ಈ ಗೋಪುರಗಳು ಗೋಡೆಯಿಂದ ಹೊರಕ್ಕೆ ಚಾಚಿಕೊಂಡ ಪೀಠಗಳ ಮೇಲೆ ನಿಂತಿವೆ, ಆ ಪೀಠವೋ ವಾಲುಗೋಡೆಗೆ ಅಂಟಿಕೊಳ್ಳುತ್ತ ಕೆಳಕ್ಕೆ ಇಳಿಯುತ್ತದೆ. ಸೇರುವ ಅಂಚಿನ ಆಕಾರವನ್ನು ಲೆಕ್ಕದಿಂದ ಪಡೆಯುವುದಕ್ಕಿಂತ, ಉದ್ದವಾಗಿ ಬಿಟ್ಟ ಟ್ರೇಸಿಂಗ್ ಕಾಗದದ ಸುರುಳಿಯನ್ನು ಗೋಡೆಗೆ ಒತ್ತಿ ಹಿಡಿದು, ಮುಟ್ಟುವಲ್ಲಿ ಪೆನ್ಸಿಲಿನಿಂದ ಗುರುತು ಮಾಡಿ, ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತ ಹೊಂದಿಸುವುದು ಮೇಲು. ಮೂರು ನಾಲ್ಕು ಸಲ ಹೊಂದಿಸಿದ ಮೇಲೆ ಸಂದಿ ಇಲ್ಲದೆ ಕೂರುತ್ತದೆ. ಆಗ ಅದನ್ನು ಬಿಚ್ಚಿ ಹರಡಿ ನಿಜವಾದ ಕಾಗದಕ್ಕೆ ನಕಲು ಮಾಡಿ, ಇನ್ನೊಂದು ಪಕ್ಕಕ್ಕೆ ಅದನ್ನೇ ಮಗುಚಿ ಬಳಸಿ.

305 ಮಿ.ಮೀ. ಫಿರಂಗಿಯ ಬಾಯಿ ನಮ್ಮ ಪ್ರಮಾಣದಲ್ಲಿ ಕೇವಲ 1.2 ಮಿ.ಮೀ. ಆಗುತ್ತದೆ. 80 ಗ್ರಾಮಿನ ಕಾಗದವನ್ನು ಒಂದು ಕಡೆ ಓರೆಯಾಗಿ ಕತ್ತರಿಸಿ, ಆ ಗಾತ್ರದ ತಂತಿಗೆ ಬಿಗಿಯಾಗಿ ಸುತ್ತಿದರೆ ಬುಡ ದಪ್ಪಗೂ ತುದಿ ಸಣ್ಣಗೂ ಆಗುವ ನಳಿಕೆ ಸಿಗುತ್ತದೆ. ಅಂಟು ಹಿಡಿಯುವ ಮುನ್ನ ತಂತಿಯನ್ನು ತಿರುಗಿಸಿ ಎಳೆದುಕೊಳ್ಳಬೇಕು. ಆ ಕಾಲದ ಫ್ರೆಂಚ್ ಹಡಗುಗಳ ಯುದ್ಧಕಂಬಗಳನ್ನೂ ಇದೇ ರೀತಿ ಸುತ್ತಬಹುದು. ಅವು ತೆಳ್ಳಗಿನ ಮರದ ಕಂಬಗಳಲ್ಲ, ಸಣ್ಣ ಫಿರಂಗಿಗಳ ಅಟ್ಟಣೆಗಳನ್ನು ಹೊತ್ತ ದಪ್ಪನೆಯ ಉಕ್ಕಿನ ಕೊಳವೆಗಳು. ದೋಣಿಗಳು, ಗಾಳಿಕೊಳವೆಗಳು, ಲಂಗರುಗಳನ್ನು ಬಿಡುವಾದಾಗ ಒಂದೊಂದಾಗಿ ಮಾಡಿ ಪೆಟ್ಟಿಗೆಯಲ್ಲಿ ಇಟ್ಟುಕೊಳ್ಳುತ್ತ ಹೋದರೆ ಕೊನೆಗೆ ಅವಸರವಾಗುವುದಿಲ್ಲ.

ಬಣ್ಣದ ವಿಚಾರದಲ್ಲಿ ನನ್ನ ಒಲವು ಬೂವೆಯ ಮೊದಲ ವರ್ಷಗಳ ಕಡೆಗೆ. ಆಗ ಫ್ರೆಂಚ್ ಯುದ್ಧನೌಕೆಗಳ ಒಡಲು ಕಪ್ಪು, ಮೇಲಿನ ಕಟ್ಟಡಗಳು ತಿಳಿಹಳದಿ ಬೆರೆತ ಕಂದು. ಯುದ್ಧಕಾಲದ ರೂಪವನ್ನು ಕಟ್ಟುವವರು ಬೂದುಬಣ್ಣಕ್ಕೆ ಹೋಗಬೇಕು. ಕಪ್ಪು ಒಡಲಿನ ಮೇಲೆ ಕತ್ತರಿಸಿದ ಕಾಗದದ ಬಿಳಿ ಅಂಚು ನೂಲಿನಂತೆ ಹೊಳೆಯುತ್ತದೆ. ಆದ್ದರಿಂದ ಪ್ರತಿಯೊಂದು ತುಂಡಿನ ಅಂಚಿಗೂ ಅಂಟಿಸುವ ಮೊದಲೇ ಅದೇ ಬಣ್ಣವನ್ನು ಬಹುತೇಕ ಒಣಗಿದ ಕುಂಚದಿಂದ ತಾಗಿಸಿ. ನೀರು ಹೆಚ್ಚಾದರೆ ಅಂಚು ಊದಿಕೊಳ್ಳುತ್ತದೆ.

ಹಿಂದಿನ ಧ್ವಜವನ್ನು ಕೊನೆಗೆ ಕಟ್ಟಬೇಕು, ಅದರ ಮೂರು ಪಟ್ಟೆಗಳನ್ನು ಸಮವಾಗಿ ಹಂಚಬಾರದು. ಫ್ರೆಂಚ್ ನೌಕಾಪಡೆಯ ಧ್ವಜದಲ್ಲಿ ನೀಲಿ, ಬಿಳಿ, ಕೆಂಪು ಪಟ್ಟೆಗಳು 30, 33, 37ರ ಪ್ರಮಾಣದಲ್ಲಿರುತ್ತವೆ. ಗಾಳಿಗೆ ಹಾರುವಾಗ ಮೂರೂ ಸಮವಾಗಿ ಕಾಣಲೆಂದು ಹೊರತುದಿಯ ಕೆಂಪಿಗೆ ಹೆಚ್ಚು ಅಗಲ. 18 ಮಿ.ಮೀ. ಉದ್ದದ ಧ್ವಜಕ್ಕೆ ನೀಲಿ 5.4, ಬಿಳಿ 5.9, ಕೆಂಪು 6.7 ಮಿ.ಮೀ. ಬರುತ್ತದೆ. ತೆಳು ಕಾಗದದ ಎರಡೂ ಮುಖಕ್ಕೆ ಬಣ್ಣ ಹಾಕಿ, ಅಂಟು ಇನ್ನೂ ಹಸಿಯಾಗಿರುವಾಗಲೇ ಹೆಣಿಗೆ ಕಡ್ಡಿಗೆ ಓರೆಯಾಗಿ ಒತ್ತಿದರೆ ಧ್ವಜಕ್ಕೆ ಅಲೆಗಳು ಬರುತ್ತವೆ, ಒಣಗಿದ ಮೇಲೂ ಹಾಗೆಯೇ ನಿಲ್ಲುತ್ತವೆ.