ನೈಟ್ ಆಫ್ ನೋಡಿ ಲಸಿಕೆ: ನಮ್ಮ ಆಸ್ಪತ್ರೆಯ ಪಟ್ಟಿ ಪೂರ್ತಿಯಾದ ಬಗೆ

ಹುಬ್ಬಳ್ಳಿಯ ಮಧ್ಯಮ ಗಾತ್ರದ ಖಾಸಗಿ ಆಸ್ಪತ್ರೆಯೊಂದರಲ್ಲಿ ನಾನು ನರ್ಸಿಂಗ್ ಸೂಪರಿಂಟೆಂಡೆಂಟ್. ಗುತ್ತಿಗೆಯವರನ್ನೂ ಸೇರಿಸಿದರೆ ನಮ್ಮ ಸಿಬ್ಬಂದಿ ಹೆಚ್ಚುಕಡಿಮೆ ನಾನೂರು. ಕೋವಿಡ್ ಲಸಿಕೆಯ ಎರಡು ಡೋಸುಗಳನ್ನೂ 2022ರ ಮುನ್ನೆಚ್ಚರಿಕೆ ಡೋಸನ್ನೂ (ಮೂರನೆಯದು) ಇವರಿಗೆ ಹಾಕಿಸಿ ಮುಗಿಸುವಾಗ, ಮೊದಲ ವಾರವೊಂದನ್ನು ಬಿಟ್ಟರೆ, ಲಸಿಕೆಯ ಜ್ವರದ ಕಾರಣಕ್ಕೆ ಹೊರಗಿನಿಂದ ಒಬ್ಬ ನರ್ಸನ್ನೂ ಕರೆಸಲಿಲ್ಲ. ದಿನಕ್ಕೆ ಮೂವತ್ತು ನಲವತ್ತು ಜನರಂತೆ ಹಾಕಿದರೆ ಪಟ್ಟಿ ಎಂದಿಗೂ ಮುಗಿಯದು ಎಂದು ಆಗ ನಕ್ಕವರಲ್ಲಿ ಕೆಲವರು ಆಮೇಲೆ ನಮ್ಮ ಡ್ಯೂಟಿ ಪಟ್ಟಿಯ ನಕಲು ಕೇಳಲು ಬಂದರು.

2021ರ ಜನವರಿ 16ರಂದು ದೇಶದಲ್ಲಿ ಲಸಿಕೆ ಆರಂಭವಾದಾಗ ಒಂದು ಸೆಷನ್‌ಗೆ ನೂರು ಜನ ಎಂಬ ಲೆಕ್ಕವಿತ್ತು, ಹೆಸರುಗಳು ಸರ್ಕಾರದ ಲಸಿಕೆ ನೋಂದಣಿ ತಾಣವಾದ ಕೋವಿನ್‌ನಿಂದಲೇ ಬರುತ್ತಿದ್ದವು. ನಮ್ಮ ಮೊದಲ ಪಟ್ಟಿಯಲ್ಲಿ ಕೆಲಸ ಬಿಟ್ಟು ಹೋದವರ ಹೆಸರೂ ಇದ್ದವು, ಐಸಿಯುನ ಒಂದು ಪಾಳಿಯ ಬಹುಪಾಲು ನರ್ಸುಗಳ ಹೆಸರೂ ಇದ್ದವು. ಬಂದವರಿಗೆಲ್ಲ ಹಾಕಿದೆವು. ಕೋವಿಶೀಲ್ಡ್‌ನ ಮೊದಲ ಡೋಸ್ ಪಡೆದವರಲ್ಲಿ ಅನೇಕರಿಗೆ ಆ ರಾತ್ರಿಯೇ ಚಳಿ, ಜ್ವರ ಮತ್ತು ಮೈಕೈ ನೋವು ಶುರುವಾಗಿ, ಮರುದಿನ ಬೆಳಗಿನ ಪಾಳಿಗೆ ಐಸಿಯುನಲ್ಲಿ ಅರ್ಧದಷ್ಟು ಜನರೂ ಇರಲಿಲ್ಲ. ಏಜೆನ್ಸಿಯಿಂದ ನರ್ಸುಗಳನ್ನು ಕರೆಸಿ ಪಾಳಿಗೆ ತಲಾ 1,300 ರೂಪಾಯಿಯ ಆಸುಪಾಸು ಕೊಟ್ಟೆವು. ಆ ವಾರ ಇಪ್ಪತ್ತೈದು ಸಾವಿರಕ್ಕಿಂತ ಹೆಚ್ಚು ಖರ್ಚಾಗಿದ್ದನ್ನು ನೋಡಿ ಆಡಳಿತ ಮಂಡಳಿಯವರು ಲಸಿಕೆಯನ್ನೇ ಸ್ವಲ್ಪ ಮುಂದಕ್ಕೆ ಹಾಕೋಣವೇ ಎಂದು ಕೇಳಿದರು.

ಜ್ವರ ಬರುವುದನ್ನು ತಡೆಯಲಾಗದು, ಆದರೆ ಅದು ಯಾವ ದಿನ ಬರಬೇಕು ಎಂಬುದನ್ನು ನಾವು ಗೊತ್ತುಮಾಡಬಹುದಲ್ಲ ಎಂಬ ಯೋಚನೆ ಅಲ್ಲಿಂದ ಹುಟ್ಟಿತು. ಸ್ಥಳದಲ್ಲೇ ಹೆಸರು ಸೇರಿಸಲು ಕೋವಿನ್‌ನಲ್ಲಿ ಅವಕಾಶ ಸಿಕ್ಕ ಮೇಲೆ, ವಾರದ ರಜೆಯ ಹಿಂದಿನ ದಿನ ಲಸಿಕೆ ಹಾಕಿ ನೋಡಿದೆವು. ಕಾಗದದ ಮೇಲೆ ಅದು ಚೆನ್ನಾಗಿಯೇ ಇತ್ತು, ನಡೆಸಲು ಹೋದಾಗ ಮುಗ್ಗರಿಸಿತು. ಇರುವ ಒಂದು ರಜೆಯಲ್ಲಿ ಕುಂದಗೋಳಕ್ಕೋ ನವಲಗುಂದಕ್ಕೋ ಊರಿಗೆ ಹೋಗಿ ಬರಬೇಕೆನ್ನುವ ಹುಡುಗಿಗೆ ಆ ದಿನವನ್ನು ಜ್ವರದಲ್ಲಿ ಹಾಸ್ಟೆಲಿನಲ್ಲಿ ಕಳೆ ಎಂದರೆ ಆಕೆ ಏಕೆ ಒಪ್ಪಬೇಕು? ಒಪ್ಪಿಕೊಂಡವರೂ ಕೊನೆಯ ಗಳಿಗೆಯಲ್ಲಿ ತಪ್ಪಿಸಿಕೊಂಡರು. ಹತ್ತು ಡೋಸಿನ ವೈಲ್ (ಲಸಿಕೆಯ ಪುಟ್ಟ ಸೀಸೆ) ತೆರೆದ ಮೇಲೆ ನಾಲ್ಕು ಗಂಟೆಯೊಳಗೆ ಮುಗಿಸಬೇಕಾದ್ದರಿಂದ, ಏಳೆಂಟು ಜನ ಬಂದ ದಿನ ಉಳಿದ ಡೋಸ್ ಹಾಳಾಯಿತು.

ಕೆಲಸಕ್ಕೆ ಬಂದದ್ದು ನೈಟ್ ಆಫ್. ನಮ್ಮಲ್ಲಿ ರಾತ್ರಿ ಪಾಳಿಯ ವಾರ ಮುಗಿದ ಮೇಲೆ ಎರಡು ದಿನ ಬಿಡುವು ಇರುತ್ತದೆ, ಅದರಲ್ಲಿ ಮೊದಲನೆಯದು ಹೇಗೂ ನಿದ್ದೆಯಲ್ಲೇ ಹೋಗುತ್ತದೆ. ಕೊನೆಯ ರಾತ್ರಿ ಮುಗಿಸಿದ ಬೆಳಿಗ್ಗೆ ಲಸಿಕೆ ಹಾಕಿದರೆ ಸಂಜೆಯಿಂದ ಮರುದಿನ ಮಧ್ಯಾಹ್ನದವರೆಗಿನ ಜ್ವರ ಆ ಬಿಡುವಿನಲ್ಲೇ ಕಳೆದು, ಮುಂದಿನ ಡ್ಯೂಟಿಗೆ ಬಹುತೇಕರು ಸರಿಯಾಗಿ ಹಾಜರಾಗುತ್ತಿದ್ದರು. ತೊಡಕು ಇದ್ದದ್ದು ಸಮಯದಲ್ಲಿ. ರಾತ್ರಿ ಪಾಳಿ ಎಂಟಕ್ಕೆ ಮುಗಿಯುತ್ತದೆ, ಸೆಷನ್ ಆರಂಭವಾಗುತ್ತಿದ್ದುದು ಒಂಬತ್ತಕ್ಕೆ, ಲಸಿಕೆಯನ್ನು ತಣ್ಣಗೆ ಕಾಪಿಡುವ ಕೋಲ್ಡ್ ಚೈನ್ ಕೇಂದ್ರದಿಂದ ಅದನ್ನು ತರುವ ಪೆಟ್ಟಿಗೆ, ಅಂದರೆ ವ್ಯಾಕ್ಸಿನ್ ಕ್ಯಾರಿಯರ್, ಬರುತ್ತಿದ್ದುದು ಒಮ್ಮೊಮ್ಮೆ ಹತ್ತಕ್ಕೆ. ರಾತ್ರಿಯೆಲ್ಲ ನಿಂತವರು ಅಷ್ಟು ಹೊತ್ತು ಕಾಯುವುದಿಲ್ಲ. ಕ್ಯಾರಿಯರ್ ನಮ್ಮಲ್ಲಿಗೇ ಮೊದಲು ಬರುವಂತೆ ಹೇಗೆ ಮಾಡಿಕೊಂಡೆವು ಎಂಬುದನ್ನು ಇಲ್ಲಿ ಬರೆಯುವುದಿಲ್ಲ, ನಿಯಮ ಮುರಿಯಲಿಲ್ಲ ಎಂದಷ್ಟೇ ಹೇಳಬಲ್ಲೆ.

ಮಿಕ್ಕ ಒಂದು ಗಂಟೆಯನ್ನು ತಿಂಡಿಯಿಂದ ತುಂಬಿದೆವು. ಕ್ಯಾಂಟೀನಿನಲ್ಲಿ ಸೂಸಲಾ, ಎರಡು ಮಿರ್ಚಿ, ಚಹಾ, ಎಲ್ಲ ಸೇರಿ ತಲೆಗೆ ಮೂವತ್ತು ರೂಪಾಯಿಯಷ್ಟು. ಇದನ್ನು ದುಂದುವೆಚ್ಚ ಎಂದವರಿಗೆ ಎರಡು ಲೆಕ್ಕ ತೋರಿಸಿದೆ. ಮೊದಲ ವಾರ ಖಾಲಿ ಹೊಟ್ಟೆಯಲ್ಲಿ ಬಂದು ತಲೆ ಸುತ್ತಿ ಬಿದ್ದವರು ಐದಾರು ಜನ ಇದ್ದರು, ತಿಂಡಿ ಶುರುವಾದ ಮೇಲೆ ಅಂಥವರು ಒಬ್ಬರೋ ಇಬ್ಬರೋ. ಇನ್ನು ಲಸಿಕೆಯ ನಂತರದ ಅರ್ಧ ಗಂಟೆಯ ನಿಗಾವಣೆಯನ್ನು ತಪ್ಪಿಸಿಕೊಂಡು ಓಡುತ್ತಿದ್ದವರಿಗಾಗಿ ಚಹಾವನ್ನು ಮೊದಲು ಕೊಡದೆ ನಿಗಾವಣೆ ಕೊಠಡಿಯಲ್ಲಿ ಕೊಡತೊಡಗಿದೆವು. ಲಸಿಕೆಯಿಂದ ತೀವ್ರ ಅಲರ್ಜಿಯಾದರೆ ಕೊಡುವ ಅಡ್ರಿನಲಿನ್ ಇದ್ದ ಕಿಟ್ಟನ್ನು ಒಮ್ಮೆಯೂ ತೆರೆಯಬೇಕಾಗಲಿಲ್ಲ, ಆದರೂ ಅದನ್ನು ಮೇಜಿನಿಂದ ಕದಲಿಸಲು ನಾನು ಬಿಡಲಿಲ್ಲ.

ಸ್ವಚ್ಛತಾ ಸಿಬ್ಬಂದಿ, ಕಾವಲುಗಾರರು, ಆಂಬ್ಯುಲೆನ್ಸ್ ಚಾಲಕರು ಸೇರಿ ಗುತ್ತಿಗೆಯವರು ಸುಮಾರು ತೊಂಬತ್ತು ಮಂದಿ, ಅವರಿಗೆ ನೈಟ್ ಆಫ್ ಎಂಬುದೇ ಇಲ್ಲ. ಅವರಿಗೆ ವದಂತಿಗಳ ಭಯ ಎಂದು ಎಲ್ಲರೂ ನಂಬಿ, ವೈದ್ಯರೊಬ್ಬರಿಂದ ಎರಡು ಭಾಷಣ ಮಾಡಿಸಿದ್ದರು. ಭಾಷಣ ಕೇಳಿ ಚಪ್ಪಾಳೆ ತಟ್ಟಿದರು, ಲಸಿಕೆಗೆ ಬರಲಿಲ್ಲ. ಕೊನೆಗೆ ಹಳೇ ಹುಬ್ಬಳ್ಳಿಯ ಹಿರಿಯ ಕೆಲಸಗಾರ್ತಿಯೊಬ್ಬರು ಬಿಡಿಸಿ ಹೇಳಿದರು: "ಸೂಜಿಗೆ ಯಾರ್ ಅಂಜತಾರ್ರೀ ಅಕ್ಕಾರ, ಜ್ವರ ಬಂದ ದಿನದ ಪಗಾರ ಯಾರ್ ಕೊಡ್ತಾರ ಅದನ್ನ ಹೇಳ್ರಿ." ಗುತ್ತಿಗೆದಾರರು ಕೈ ಚೆಲ್ಲಿದರು. ಒಬ್ಬರಿಗೆ ದಿನಕ್ಕೆ 370ರ ಸುಮಾರು, ಎಲ್ಲರಿಗೂ ಒಂದು ದಿನ ಎಂದರೆ ಮೂವತ್ತಮೂರು ಸಾವಿರದ ಆಸುಪಾಸು. ಏಜೆನ್ಸಿಗೆ ಒಂದೇ ವಾರದಲ್ಲಿ ಕೊಟ್ಟ ಹಣದ ಬಿಲ್ಲನ್ನು ಪಕ್ಕದಲ್ಲಿಟ್ಟು ಈ ಮೊತ್ತ ಕೇಳಿದಾಗ ಆಡಳಿತ ಮಂಡಳಿ ಒಪ್ಪಿತು. ಮರುದಿನ ಬಂದರೂ ಬರದಿದ್ದರೂ ಆ ದಿನದ ಪಗಾರ ಉಂಟು ಎಂದು ಬರಹದಲ್ಲಿ ಅಂಟಿಸಿದ ಮೇಲೆ ಎರಡು ವಾರದೊಳಗೆ ಹತ್ತರಲ್ಲಿ ಒಂಬತ್ತು ಜನ ಮುಗಿದರು. ಜ್ವರದ ಹೆಸರಿನಲ್ಲಿ ಎಲ್ಲರೂ ಮನೆಯಲ್ಲಿ ಕುಳಿತುಬಿಡುತ್ತಾರೆ ಎಂದವರ ಮಾತೂ ಸುಳ್ಳಾಯಿತು, ಅರ್ಧಕ್ಕಿಂತ ಹೆಚ್ಚು ಮಂದಿ ಮರುದಿನವೇ ಬಂದರು.

ಜೊತೆಜೊತೆಗೆ ಕೆಲವನ್ನು ಸುಮ್ಮನೆ ಪರೀಕ್ಷಿಸಿ ನೋಡಿದೆ. ನೆಲ ಒರೆಸುವವರಿಗೆ ಹೆಚ್ಚು ದುಡಿಯುವ ಕೈಯನ್ನು ಕೇಳಿ ಇನ್ನೊಂದಕ್ಕೆ ಹಾಕಿದಾಗ ದೂರುಗಳು ಕಡಿಮೆಯಾದವು. ಸಂದೇಶ ಕಳಿಸುವ ಬದಲು ಬಿಲ್ಲಿಂಗ್ ಕೌಂಟರಿನ ಹುಡುಗಿಯಿಂದ ಹಿಂದಿನ ಸಂಜೆ ಫೋನ್ ಮಾಡಿಸಿದಾಗ ಹಾಜರಿ ಎದ್ದು ಕಾಣುವಷ್ಟು ಏರಿತು. ಹತ್ತು ಜನ ಕುರ್ಚಿಯಲ್ಲಿ ಕುಳಿತ ಮೇಲೆಯೇ ವೈಲ್ ತೆರೆಯುವುದು, ಕರೆದರೆ ಹತ್ತು ನಿಮಿಷದಲ್ಲಿ ಬರಬಲ್ಲ ನಾಲ್ವರನ್ನು ಕಟ್ಟಡದಲ್ಲೇ ಗುರುತಿಸಿಟ್ಟಿರುವುದು, ಇಷ್ಟರಿಂದ ಹಾಳಾಗುವುದು ನಿಂತೇಹೋಯಿತು. ನಮ್ಮ ಇಬ್ಬರು ಹಿರಿಯ ಸಿಸ್ಟರ್‌ಗಳ ಕೈಯಲ್ಲಿ ಕೆಲವು ವೈಲ್‌ಗಳಿಂದ ಹನ್ನೊಂದನೆಯ ಪೂರ್ಣ ಅರ್ಧ ಎಂಎಲ್ ಡೋಸೂ ಬರುತ್ತಿತ್ತು. ಎರಡು ವೈಲ್‌ಗಳ ಶೇಷವನ್ನು ಸೇರಿಸುವ ಕೆಲಸವನ್ನು ಮಾತ್ರ ಯಾರಿಗೂ ಮಾಡಗೊಡಲಿಲ್ಲ. ಒಂದೇ ವಾರ್ಡಿನ ಒಂದೇ ಪಾಳಿಯ ಇಬ್ಬರು ಒಂದೇ ದಿನ ಬಾರದಂತೆ ಆ ಹತ್ತು ಜನರನ್ನು ಆರಿಸುವ ಕೋಷ್ಟಕ ನನ್ನದೇ, ಅದನ್ನು ನಮ್ಮಲ್ಲಿಗೆ ಬಂದು ನೋಡಿದವರಿಗಷ್ಟೇ ತೋರಿಸುತ್ತೇನೆ.

ಎರಡನೇ ಡೋಸಿನ ಜ್ವರ ಹಗುರ, ಅದರ ತಾಪತ್ರಯ ಬೇರೆಯದು. ಮಾರ್ಚ್ 22ರಂದು ಎರಡು ಡೋಸುಗಳ ನಡುವಿನ ಅಂತರವನ್ನು ಎಂಟು ವಾರದವರೆಗೆ ಹಿಗ್ಗಿಸಿದಾಗ ಹಲವರು ಕಾಯೋಣ ಎಂದರು. ಏಪ್ರಿಲ್ 7ರಿಂದ ಸಾರಿಗೆ ನೌಕರರ ಮುಷ್ಕರ ಆರಂಭವಾಗಿ, ಧಾರವಾಡದಿಂದ ಚಿಗರಿ (ಹುಬ್ಬಳ್ಳಿ-ಧಾರವಾಡ ಬಿಆರ್‌ಟಿಎಸ್) ಬಸ್ಸಿನಲ್ಲಿ ಬರುತ್ತಿದ್ದವರೂ ಕಲಘಟಗಿ ಕಡೆಯವರೂ ಸಿಕ್ಕಿಬಿದ್ದರು. ಟೆಂಪೊ ಬಾಡಿಗೆಗೇ ಹನ್ನೆರಡು ಸಾವಿರದಷ್ಟು ಹೋಯಿತು. ಎರಡನೇ ಅಲೆ ನೆತ್ತಿಯ ಮೇಲಿದ್ದುದರಿಂದ ಆ ಹಣಕ್ಕೆ ಯಾರೂ ತಕರಾರು ಮಾಡಲಿಲ್ಲ. ಮೇ 13ರಂದು ಅಂತರ ಹನ್ನೆರಡು ವಾರಕ್ಕೆ ಏರಿದಾಗ ನಮ್ಮಲ್ಲಿ ಬಾಕಿ ಇದ್ದವರು ಇಪ್ಪತ್ತರ ಒಳಗೆ. ಹಾಲೂಡಿಸುವ ತಾಯಂದಿರಿಗೆ ಆ ತಿಂಗಳ 19ರವರೆಗೆ ಅನುಮತಿಯೇ ಇರಲಿಲ್ಲ. ಅವರನ್ನು ಕೋವಿಡ್ ವಾರ್ಡಿನಿಂದ ದೂರವಿರಿಸಲು ಡ್ಯೂಟಿ ಹೊಂದಿಸಿದ್ದು ಉಳಿದೆಲ್ಲಕ್ಕಿಂತ ಕಷ್ಟದ್ದಾಗಿತ್ತು.

2022ರ ಜನವರಿ 10ರಂದು ಮುನ್ನೆಚ್ಚರಿಕೆ ಡೋಸ್ ಆರಂಭವಾದಾಗ ಒಮಿಕ್ರಾನ್ ಸಿಬ್ಬಂದಿಯನ್ನೇ ಮಲಗಿಸುತ್ತಿತ್ತು. ಎರಡನೇ ಡೋಸಿನಿಂದ 39 ವಾರ ಆಗಿರಬೇಕು, ಸೋಂಕು ತಗುಲಿದವರು ಗುಣವಾಗಿ ಮೂರು ತಿಂಗಳು ಕಾಯಬೇಕು, ಹೀಗಾಗಿ ಪಟ್ಟಿ ಪ್ರತಿದಿನ ಬದಲಾಗುತ್ತಿತ್ತು. ನೈಟ್ ಆಫ್ ಕ್ರಮ ಆಗಲೂ ಕೈಬಿಡಲಿಲ್ಲ, ಯಾವ ವಾರ್ಡನ್ನೂ ಮುಚ್ಚಬೇಕಾಗಲಿಲ್ಲ. ಗುತ್ತಿಗೆಯನ್ನು ಹೊಸದಾಗಿ ಬರೆಯುವಾಗ ಜ್ವರದ ದಿನದ ಪಗಾರದ ಷರತ್ತನ್ನು ಸೇರಿಸಿದ್ದೇವೆ. ಈಗ ಅದೇ ಕೋಷ್ಟಕದಲ್ಲಿ ಸ್ವಚ್ಛತಾ ಸಿಬ್ಬಂದಿಯ ಹೆಪಟೈಟಿಸ್ ಬಿ ಲಸಿಕೆ ನಡೆದಿದೆ. ಆರನೇ ತಿಂಗಳ ಮೂರನೇ ಡೋಸಿನ ಹೊತ್ತಿಗೆ ಕೆಲಸಗಾರರು ಬೇರೆ ಕಡೆ ಹೋಗಿಬಿಡುತ್ತಾರೆ, ಅದಕ್ಕೆ ಇನ್ನೂ ದಾರಿ ಹುಡುಕುತ್ತಿದ್ದೇನೆ.