ಸೊಪ್ಪು ತೊಳೆದು ಹೆಚ್ಚಿ, ಹೆಚ್ಚಿ ತೊಳೆಯಬೇಡಿ

ಪ್ರೋಟೀನ್ ಎಷ್ಟು ಗ್ರಾಂ ಅಂತ ಮೊಬೈಲ್‌ನಲ್ಲಿ ಲೆಕ್ಕ ಇಡುವವರೇ ಸೊಪ್ಪನ್ನು ಸಣ್ಣಗೆ ಹೆಚ್ಚಿ, ಆಮೇಲೆ ನಲ್ಲಿಯ ಕೆಳಗೆ ಹಿಡಿಯುತ್ತಾರೆ. ನೋಡಿದರೆ ಮೈ ಉರಿಯುತ್ತದೆ. ಸಿ ಜೀವಸತ್ವ, ಬಿ ಗುಂಪಿನವು ನೀರಿನಲ್ಲಿ ಕರಗುವಂಥವು. ಕತ್ತರಿಸಿದ ಅಂಚಿನಿಂದ ಸೋರಿ ನೇರ ಮೋರಿಗೆ. ಹಿಂದಿನವರು ತರಕಾರಿ ಬೆಂದ ನೀರನ್ನೂ ಚೆಲ್ಲುತ್ತಿರಲಿಲ್ಲ.

ಪಿಷ್ಟ, ಪ್ರೋಟೀನ್, ಕೊಬ್ಬು, ಇವು ಒಲೆಯ ಮೇಲೆ ಸುಲಭಕ್ಕೆ ಕಳೆದುಹೋಗುವುದಿಲ್ಲ. ಪ್ರೋಟೀನ್ ಕಟ್ಟುವ ಅಂಶಗಳಲ್ಲಿ ಲೈಸಿನ್ ಎಂಬುದು ಧಾನ್ಯದಲ್ಲಿ ಕಡಿಮೆ, ಮೆಥಿಯೊನಿನ್ ಎಂಬುದು ಕಾಳಿನಲ್ಲಿ ಕಡಿಮೆ, ದಿನದಲ್ಲಿ ಎರಡೂ ಹೊಟ್ಟೆಗೆ ಬಿದ್ದರಾಯಿತು. ಕಾಳು ಬೇಗ ಬೇಯಲಿ ಅಂತ ಸೋಡಾ ಮಾತ್ರ ಸುರಿಯಬೇಡಿ, ಕ್ಷಾರಕ್ಕೆ ಬಿ1 ನಾಶವಾಗುತ್ತದೆ. ರಾತ್ರಿಯೇ ನೆನೆಹಾಕಲು ಏನು ಧಾಡಿ?

ಈಗ ಸೊಪ್ಪು. ದೊಡ್ಡ ಪಾತ್ರೆಯ ತುಂಬ ನೀರು, ಇಡೀ ಎಲೆಗಳನ್ನು ಮುಳುಗಿಸಿ ಅಲುಗಿಸಿ, ಒಂದು ಗಳಿಗೆ ಬಿಟ್ಟು ಕೈಯಿಂದ ಮೇಲೆತ್ತಿ. ಪಾತ್ರೆ ಬಗ್ಗಿಸಿದರೆ ತಳದ ಮಣ್ಣೆಲ್ಲ ಮತ್ತೆ ಎಲೆಗೇ. ತಳದಲ್ಲಿ ಮರಳು ಕಾಣದಾಗುವವರೆಗೆ, ಮೂರು ಸಲವೋ ನಾಲ್ಕು ಸಲವೋ, ನೀರು ಬದಲಿಸಿ. ಬಟ್ಟೆಯ ಮೇಲೆ ಹರಡಿ. ಬಾಣಲೆಯಲ್ಲಿ ಎಣ್ಣೆ ಕಾಯಲು ಇಟ್ಟ ಮೇಲೆಯೇ ಹೆಚ್ಚಿ, ಅದೂ ದಪ್ಪಗೆ. ಎಣ್ಣೆಗೆ ಹೆದರಬೇಡಿ: ಮೈಯಲ್ಲಿ ಎ ಜೀವಸತ್ವವಾಗುವ, ಸೊಪ್ಪಿನ ಬೀಟಾ ಕ್ಯಾರೋಟಿನ್ ಮೈಗೆ ಹತ್ತಲು ಸ್ವಲ್ಪ ಕೊಬ್ಬು ಬೇಕೇ ಬೇಕು. ಎಲೆಗೆ ಅಂಟಿದ ತೇವವೇ ಸಾಕು, ಮೇಲೆ ನೀರು ಹಾಕಬೇಡಿ. ಮುಚ್ಚಿಡಿ. ಎಲೆ ಕುಸಿದು ಹಸಿರು ಗಾಢವಾದಾಗ ಇಳಿಸಿ. ಕಂದು ತಿರುಗಿದರೆ ಬೆಂದದ್ದು ಹೆಚ್ಚಾಯಿತು. ನಿಂಬೆ ಹಿಂಡುವುದು ಇಳಿಸಿ, ಹಬೆ ತಗ್ಗಿದ ಮೇಲೆ. ಒಲೆಯ ಮೇಲೆಯೇ ಹಿಂಡಿದರೆ ಹುಳಿಗೆ ಬಣ್ಣ ಮಾಸುತ್ತದೆ, ಕಾವಿಗೆ ಸಿ ಜೀವಸತ್ವ ಹಾಳಾಗುತ್ತದೆ. ಆ ಸಿ ಇದ್ದರೇ ಸೊಪ್ಪಿನ ಕಬ್ಬಿಣವನ್ನು ಮೈ ಚೆನ್ನಾಗಿ ಹೀರಿಕೊಳ್ಳುವುದು.

 

ಇಷ್ಟೆಲ್ಲ ಮಾಡಿ ಊಟದ ಜೊತೆಗೇ ಚಹಾ ಹೀರುತ್ತೀರಲ್ಲ, ಅದರ ಒಗರು ಕಬ್ಬಿಣವನ್ನು ಕಟ್ಟಿಹಾಕುತ್ತದೆ. ಒಂದು ಗಂಟೆ ತಡೆಯಿರಿ. ಇನ್ನು ಪಾಲಕ್‌ನಲ್ಲಿ ಕ್ಯಾಲ್ಸಿಯಂ ಇದೆ ಅಂತ ಹಾಲು ಕುಡಿಯುವುದನ್ನು ನಿಲ್ಲಿಸಬೇಡಿ. ಆ ಸೊಪ್ಪಿನಲ್ಲೇ ಇರುವ ಆಕ್ಸಲೇಟ್ ಎಂಬ ಅಂಶ ಆ ಕ್ಯಾಲ್ಸಿಯಂನ ಬಹುಪಾಲನ್ನು ಹಿಡಿದಿಟ್ಟುಕೊಳ್ಳುತ್ತದೆ. ಬಿ12 ಅಂತೂ ಯಾವ ಸೊಪ್ಪಿನಲ್ಲೂ ಸಿಗುವುದಿಲ್ಲ. ಹಾಲು, ಮೊಟ್ಟೆ, ಮೀನು, ಮಾಂಸ ಯಾವುದನ್ನೂ ಮುಟ್ಟದವರು ವೈದ್ಯರನ್ನು ಕೇಳಿ ಮಾತ್ರೆ ತೆಗೆದುಕೊಳ್ಳಿ.