ಕೀ ಒಳಗೆ, ಅಮ್ಮ ಹೊರಗೆ

ಸಾಗರದ ನಮ್ಮ ಹಳೇ ಮನೆಯ ಮುಂಬಾಗಿಲಿಗೆ ಈಗಿರುವುದು ಮೂರನೇ ಬೀಗ.

ಮೊದಲಿದ್ದದ್ದು ಚಿಲಕಕ್ಕೆ ಹಾಕುವ ಏಳು ಲಿವರಿನ ದೊಡ್ಡ ಬೀಗ. ನಾನೂ ಅದನ್ನೇ ನಂಬಿಕೊಂಡಿದ್ದೆ. ನಮ್ಮ ಬೀದಿಯ ಒಂದು ಮನೆಗೆ ಕಳ್ಳರು ನುಗ್ಗಿದ ದಿನ ಹೋಗಿ ನೋಡಿದರೆ, ಬೀಗಕ್ಕೆ ಒಂದು ಗೀರೂ ಆಗಿರಲಿಲ್ಲ. ಕೊಂಡಿಯನ್ನೇ ಸ್ಕ್ರೂ ಸಮೇತ ಮೀಟಿ ಕಿತ್ತಿದ್ದರು. ಬೀಗ ಅದರಲ್ಲೇ ತೂಗಾಡುತ್ತಿತ್ತು. ಅದೂ ಅಲ್ಲದೆ, ಹೊರಗೆ ಬೀಗ ಕಂಡರೆ ಮನೆಯಲ್ಲಿ ಯಾರೂ ಇಲ್ಲ ಅಂತ ಬೋರ್ಡ್ ಹಾಕಿದ ಹಾಗೇ ಅಲ್ವಾ?

ಹೆದರಿ, ಮರುದಿನವೇ ನೈಟ್ ಲ್ಯಾಚ್ ತಂದು ಹಾಕಿಸಿದೆ. ಬಾಗಿಲು ಎಳೆದರೆ ಸಾಕು, ತಾನೇ ಲಾಕ್ ಆಗುತ್ತದೆ. ಎಡವಟ್ಟಾದದ್ದೂ ಅದರಿಂದಲೇ. ಒಂದು ಬೆಳಿಗ್ಗೆ ಅಮ್ಮ ದಾಸವಾಳ ಕೊಯ್ಯಲು ಅಂಗಳಕ್ಕೆ ಇಳಿದಳು. ಗಾಳಿಗೆ ಬಾಗಿಲು ಹಾಕಿಕೊಂಡಿತು. ಕೀ ಒಳಗೆ, ಒಲೆ ಮೇಲೆ ಹಾಲು. ನಾನು ಪೇಟೆಯಿಂದ ಓಡಿ ಬರುವಷ್ಟರಲ್ಲಿ ಪಾತ್ರೆ ಕರಟಿ ಹೋಗಿತ್ತು. "ಎಂತ ಬೀಗನೋ ಇದು, ಮನೆಯವರನ್ನೇ ಹೊರಗೆ ಹಾಕುತ್ತದಲ್ಲ!" ಅಂದಳು ಅಮ್ಮ.

ಅಳಿಯ, ಬೆರಳಿಟ್ಟರೆ ತೆರೆಯುವ ಡಿಜಿಟಲ್ ಲಾಕ್ ಹಾಕಿಸಿ ಅಂದ. ಅಡಿಕೆ ಸುಲಿದೂ ಸುಲಿದೂ ಅಮ್ಮನ ಬೆರಳಿನ ಗೆರೆಗಳೇ ಸವೆದಿವೆ. ರೇಷನ್ ಅಂಗಡಿಯ ಯಂತ್ರವೇ ಹಿಡಿಯುವುದಿಲ್ಲ, ಇನ್ನು ಬಾಗಿಲು ತೆರೆಯುತ್ತದೆಯೇ?

ಈ ಸಲ ಅಂಗಡಿಗೆ ಹೋಗುವ ಮೊದಲು ಮರಗೆಲಸದ ಆಚಾರ್ರನ್ನು ಕರೆದೆ. ಅವರು ಬೀಗದ ಮಾತೇ ಎತ್ತಲಿಲ್ಲ. ಬಾಗಿಲಿನ ದಪ್ಪ ಅಳೆದರು, ಚೌಕಟ್ಟಿಗೆ ಗೆದ್ದಲು ಹಿಡಿದಿದೆಯೇ ಅಂತ ತಟ್ಟಿ ನೋಡಿದರು. ಹಲಸಿನ ಹಲಗೆ, 30 ಮಿಲಿಮೀಟರ್ ಸಹ ಇರಲಿಲ್ಲ. ಹಲಗೆಯೊಳಗೇ ಹುದುಗುವ ಮಾರ್ಟೈಸ್ ಲಾಕ್ ಕೂರಿಸಲು ಬಾಗಿಲಿನ ಹೊಟ್ಟೆ ಕೊರೆಯಬೇಕು. "ಇಷ್ಟು ತೆಳು ಹಲಗೆ ಕೊರೆದರೆ, ಯಾರಾದರೂ ಒದ್ದಾಗ ಅಲ್ಲೇ ಸೀಳುತ್ತದೆ" ಅಂದರು. ಹಾಗಾಗಿ ಒಳಮೈ ಮೇಲೆ ಕೂರಿಸುವ, ಮೂರು ದಪ್ಪ ಬೋಲ್ಟಿನ ಬೀಗ ತಂದೆವು. ತಿರುಗಿಸಿದರೆ ಮಾತ್ರ ಬೋಲ್ಟ್ ಚಾಚುತ್ತದೆ, ಗಾಳಿಗೆ ಲಾಕ್ ಆಗುವುದಿಲ್ಲ. ಹೊರಗಡೆ ಕೀ, ಒಳಗಡೆ ತಿರುಗಿಸುವ ಗುಂಡಿ. ಕರೆಂಟು ಹೋದ ರಾತ್ರಿ ಏನಾದರೂ ಆದರೆ ಕೀ ಹುಡುಕುತ್ತಾ ಕೂರುವಂತಿಲ್ಲ. ಬಾಗಿಲ ಪಕ್ಕದಲ್ಲೇ ಗಾಜಿನ ಕಿಟಕಿ ಇದ್ದಿದ್ದರೆ ಮಾತ್ರ ಗುಂಡಿ ಬೇಡ ಅನ್ನುತ್ತಿದ್ದೆ. ಗಾಜು ಒಡೆದು ಕೈ ಹಾಕಿದರೆ ಮುಗಿಯಿತು.

ಬೋಲ್ಟ್ ಹೋಗಿ ಕೂರುವ ಚೌಕಟ್ಟಿನ ಪಟ್ಟಿಗೆ ಪ್ಯಾಕೆಟ್‌ನಲ್ಲಿ ಬಂದಿದ್ದವು ಮುಕ್ಕಾಲು ಇಂಚಿನ ಸ್ಕ್ರೂಗಳು. ಆಚಾರ್ರು ಅವನ್ನು ಪಕ್ಕಕ್ಕಿಟ್ಟು ಎರಡೂವರೆ ಇಂಚಿನವು ಹಾಕಿದರು. ಬೀದಿಯ ಆ ಕೊಂಡಿ ಯಾಕೆ ಕಿತ್ತು ಬಂತು ಅಂತ ಆಗ ಹೊಳೆಯಿತು.

ಆಷಾಢದಲ್ಲಿ ಬಾಗಿಲು ಉಬ್ಬಿತು, ಬೋಲ್ಟ್ ತೂತಿಗೆ ಹೋಗಲೊಲ್ಲದು. ಪಟ್ಟಿಯ ತೂತನ್ನು ಅರದಿಂದ ಅರ್ಧ ನೂಲು, ಅಂದರೆ ಇಂಚಿನ ಹದಿನಾರನೇ ಒಂದು ಭಾಗದಷ್ಟು, ಉಜ್ಜಿದೆವು, ಸರಿಯಾಯಿತು. ಅಷ್ಟರಲ್ಲಿ ಅಮ್ಮ ಕೀ ತೂತಿಗೆ ಕೊಬ್ಬರಿ ಎಣ್ಣೆ ಬಿಟ್ಟಿದ್ದಳು. ಎಣ್ಣೆಗೆ ಧೂಳು ಮೆತ್ತಿ ಇನ್ನೂ ಬಿಗಿಯಾಯಿತು. ಒರೆಸಿ, ಈಗ ಕೀಗೆ ಪೆನ್ಸಿಲ್ ಸೀಸ ತಿಕ್ಕುತ್ತೇನೆ.

ಇನ್ನೊಂದು ಕೀ ಪಕ್ಕದ ಮನೆಯಲ್ಲಿದೆ. ಆದರೂ ಅಮ್ಮ ಹೂವಿಗೆ ಹೋಗುವಾಗ ಬಾಗಿಲಿಗೆ ಒನಕೆ ಅಡ್ಡ ಇಟ್ಟೇ ಹೋಗುವುದು.